ಒಲಿ ಎಷ್ಟು?

ಮೂವತ್ತು ನಲವತ್ತರ ಜಾಗ,
ಇಳಕಲ್ಲ ಊರ ಹೊರಗ, ಹುನಗುಂದ ದಾರಿಗೆ.
ಮೂಡಲಕ್ಕ ರಸ್ತೆ, ತೆಂಕಲಕ್ಕ ಯಾರದೋ ಖಾಲಿ ಪ್ಲಾಟು,
ಬಡಗಲಕ್ಕ ಒಂದು ಬೇವಿನ ಗಿಡ, ಅರ್ಧ ನಮ್ಮದು.

ಲಾಲಸಾಬ ಗೌಂಡಿ ಹಾರಿ ಹಾಕಿ ನೋಡಿದ.
"ಎಲ್ಲಾ ಕಡೆ ಎರಡು ಫೂಟಿಗೆ ಕೆಂಪುಗಲ್ಲು ಹತ್ತತೈತಿ ಅವ್ವಾರ,
ಕುಣಿ ತೋಡೂದಿದ್ರ ಆ ಮೂಲಿಗಷ್ಟ ತೋಡ್ರಿ."
ಹಂಗಾಗಿ ಮಗ್ಗ ಮೊದಲು ಕುಂತಿತು,
ದೇವರಿಗಿಂತ ಮೊದಲು.
ದಿಕ್ಕು ಹೇಳಾಕ ಬಂದ ಅಯ್ಯನೋರು
ನೈರುತ್ಯದಾಗ ಕುಣಿ ಬ್ಯಾಡ ಅಂದ್ರು.
ಅತ್ತಿ ಚೌಡವ್ವ ಎಲಿ ಅಡಕಿ ಬಾಯಿಂದ ತಗದು ಅಂದ್ಲು:
"ನೈರುತ್ಯದ ಕುಣಿಯಾಗ ಕಾಲು ಬಿಟ್ಟೇ ಮೂರು ಮಕ್ಕಳ ಸಾಕೀನಿ.
ಹಳೇ ಮನಿ ಮಗ್ಗ ಎಲ್ಲಿತ್ತು ಅಂತ ಮಾಡೀರಿ?"
ಅಯ್ಯನೋರು ಚಾ ಕುಡದ್ರು.

ನನ್ನ ಗಂಡ ಸುಣ್ಣ ಚೆಲ್ಲಿ ಗೆರಿ ಎಳದ,
ಮೈದುನ ಗ್ಯಾನಪ್ಪ ಹಿಂದಿಂದ ಟೇಪ ಹಿಡಕೊಂಡು.
ಪಡಸಾಲಿ ಹನ್ನೆರಡ ಹದಿನಾಲ್ಕು.
ಬಯಲಿನ್ಯಾಗ ನಿಂತು ನೋಡಿದ್ರ
ಮನಿ ಅನ್ನೂದು ಎಷ್ಟು ಸಣ್ಣದು!
ನಾಕು ಹೆಜ್ಜಿಗೆ ಮುಗೀತೈತಿ.
ಗೋಡಿ ಎದ್ದ ಮ್ಯಾಲೆ ದೊಡ್ಡದಾಗತೈತಿ ಅಂದ ಲಾಲಸಾಬ.
ಎಲ್ಲಾರಿಗೂ ಹಂಗ ಹೇಳ್ತಾನಂತ.

ಬನಶಂಕರೆವ್ವ, ನನ್ನ ನೆಗೆಣ್ಣಿ, ಗೆರಿ ದಾಟಲಿಲ್ಲ.
ಸುತ್ತ ಹಾಕಿ, ಬಾಗಲಾ ಅಂತ ಎರಡು ಕಲ್ಲು ಇಟ್ಟಿದ್ದ
ಜಾಗದಿಂದ್ಲೇ ಒಳಗ ಬಂದ್ಲು,
ಚಪ್ಪಲಿ ಹೊರಗ ಬಿಟ್ಟು.
ನಗಬಾರದಾಗಿತ್ತು. ನಕ್ಕೆ.

ಆಗ ಹುನಗುಂದದ ಇಂಜಿನಿಯರ ಹುಡುಗ
ತೊಡಿ ಮ್ಯಾಲೆ ಹಾಳಿ ಇಟಗೊಂಡು ಕೇಳಿದ:
"ಅಡಗಿಮನಿ ಒಂದೋ, ಎರಡೋ?"

ನನ್ನ ಗಂಡ ಟೇಪ ಸುತ್ತಿದ. ಸುತ್ತಿದ್ದನ್ನ ಬಿಚ್ಚಿದ.
ಮೈದುನ ಬೇವಿನ ಗಿಡ ನೋಡಿದ,
ಕಡೀಬೇಕೋ ಬ್ಯಾಡೋ ಅನ್ನೂವಂಗ.
ಅತ್ತಿ ಕುಂತಲ್ಲೇ ಬೆರಳು ಆಡಿಸ್ತಿದ್ಲು,
ಒಡಲಿಗೆ ಸೆರಗಿನ ಕೊಂಡಿ ಹಾಕೂವಾಗ ಆಡಿಸಿದಂಗ.
ಬರೀ ಗಾಳಿಯಾಗ.

ಹನ್ನೊಂದು ವರ್ಷ ಒಂದ ಒಲಿ.
ಆಕೀ ರೊಟ್ಟಿ ತೆಳ್ಳಗ, ನನ್ನದು ದಪ್ಪ.
ಪುಂಡಿಪಲ್ಲೆ ಆಕೀಗೆ ಹುಳಿ ಹುಳಿ ಇರಬೇಕು.
ಖಾರದ ಡಬ್ಬಿ ಯಾರು ಮುಗಿಸಿದ್ರು ಅಂತ
ಒಂದು ಶ್ರಾವಣ ಪೂರ್ತಿ ಮಾತು ಬಿಟ್ಟಿದ್ವಿ.
ಅದ ಶ್ರಾವಣದಾಗ ನನಗ ಜ್ವರ ಬಂದು ಮಲಗಿದಾಗ
ತುಟಿ ಬಿಚ್ಚದನ ನುಚ್ಚಿನ ಗಂಜಿ ತಂದು
ತಲಿದೆಸಿಗೆ ಇಟ್ಟು ಹೋಗಿದ್ಲು.
ಉಪ್ಪು ಸರಿಯಾಗಿತ್ತು.

"ಎರಡು" ಅಂದೆ.
ನನ್ನ ಮಾತು ಮುಗಿಯೂದ್ರಾಗ ಆಕೀನೂ "ಎರಡು" ಅಂದ್ಲು.
ಅಣ್ಣ ತಮ್ಮರ ಮುಖ ನೋಡಬೇಕಾಗಿತ್ತು,
ಬೈಸಿಕೊಂಡಂಗ, ಹೊರಿ ಇಳಿಸಿದಂಗ.

"ನಡುವಿನ ಗೋಡಿ ಎಷ್ಟು ದಪ್ಪ ತಮ್ಮಾ?" ಕೇಳಿದ್ಲು ಬನಶಂಕರೆವ್ವ.
"ನಾಕೂವರಿ ಇಂಚ್ರಿ."
"ಅದರಾಗ ಒಂದು ಕಿಂಡಿ ಬಿಡು.
ಒಂದು ಗಂಗಾಳ ಪಾರಾಗೂವಷ್ಟು."
"ಯಾಕ್ರಿ?"
"ಹೊಗಿ ಹೋಗಾಕ" ಅಂದೆ ನಾನು.
"ಗ್ಯಾಸಿಗೆ ಎಲ್ಲೀದ ಹೊಗಿ?" ಅಂದ ಮೈದುನ.
ಹುಡುಗ ಬರಕೊಂಡ: ವೆಂಟಿಲೇಟರ್, ಒಂದು.
ಬರದು, ಮಾಳಿಗಿ ಹತ್ರ ಮ್ಯಾಲೆ ತೋರಿಸಿದ.

ಅಷ್ಟು ಮ್ಯಾಲೆ ಯಾರಿಗೆ?
ನಾವಿಬ್ಬರೂ ಸುಣ್ಣದ ಗೆರಿ ಅತ್ತಗೊಬ್ಬರು ಇತ್ತಗೊಬ್ಬರು ನಿಂತ್ವಿ.
ನಾ ಕೈ ಚಾಚಿದೆ, ಆಕಿ ಚಾಚಿದ್ಲು.
ಆಕಿ ಗಿಡ್ಡಿ, ನಾ ಒಂದು ಗೇಣು ಉದ್ದ.
ಲಾಲಸಾಬ ಏನೂ ಕೇಳದನ
ಆಕೀ ಅಂಗೈ ತೆಳಗ ಟೇಪ ಹಿಡದ:
ಮೂರು ಫೂಟು ಒಂಬತ್ತು ಇಂಚು.

ಸಂಜಿಗೆ ಪಡುವಲ ಗಾಳಿ ಎದ್ದು
ಬಚ್ಚಲದ ಗೆರಿ ಅಷ್ಟೂ ಹಾರಿ ಹೋತು.
ಇರ್ಲಿ.
ಬಚ್ಚಲ ಒಂದೋ ಎರಡೋ ಅನ್ನೂದು
ನಾಳಿನ ಜಗಳ.